ಕೋಲಾ ಕ್ಯಾನಿನ ಸಣ್ಣಕ್ಷರ, ನಾರ್ವೆಯ ಒಬ್ಬ ತಾಯಿ

ಇವತ್ತಿನ ಸಂಚಿಕೆ ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಕೈಯಲ್ಲಿ ಡಯಟ್ ಕೋಲಾ ಕ್ಯಾನ್ ಇದ್ದರೆ, ಅಥವಾ ಬ್ಯಾಗಿನಲ್ಲಿ ಶುಗರ್ ಫ್ರೀ ಚೂಯಿಂಗ್ ಗಮ್ ಇದ್ದರೆ, ತಿರುಗಿಸಿ ಹಿಂಬದಿ ನೋಡಿ. ಆಸ್ಪರ್ಟೇಮ್ ಅನ್ನೋ ಸಿಹಿ ಹಾಕಿದ್ದರೆ ಅಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಎಚ್ಚರಿಕೆ ಇರುತ್ತೆ. 'ಫಿನೈಲ್‌ಕೀಟೋನೂರಿಯಾ ಇರುವವರಿಗಲ್ಲ' ಅನ್ನೋದು ಅದರ ಅರ್ಥ. ನಾನು ಕಾಲೇಜಿನಲ್ಲಿದ್ದಾಗಿಂದ ಅದನ್ನ ನೋಡ್ತಾನೇ ಇದ್ದೆ. ಯಾವುದೋ ಕೆಮಿಕಲ್ ಹೆಸರು ಅಂದುಕೊಂಡು ಸುಮ್ಮನಿದ್ದೆ. ಅದು ಒಂದು ಕಾಯಿಲೆಯ ಹೆಸರು. ಆ ಹೆಸರು ಕ್ಯಾನಿನ ಮೇಲೆ ಬಂದು ಕೂರೋದಕ್ಕೆ ಕಾರಣವಾದ ಕಥೆ ಶುರುವಾಗೋದು ಎರಡು ಮಕ್ಕಳ ಮೈಯಿಂದ ಬರ್ತಿದ್ದ ಒಂದು ವಾಸನೆಯಿಂದ.

ಜಾಗ ನಾರ್ವೆ. ತಾಯಿಯ ಹೆಸರು ಬೋರ್ಗ್ನಿ ಎಗೆಲಾಂಡ್. ಮೊದಲನೆಯವಳು ಲಿವ್, ಹುಟ್ಟಿದ್ದು 1927ರಲ್ಲಿ. ಆಮೇಲೆ ಮೂರು ವರ್ಷಕ್ಕೆ ದಾಗ್ ಅನ್ನೋ ಗಂಡು ಮಗು. ಎರಡೂ ಮಕ್ಕಳು ಹುಟ್ಟಿದಾಗ ಚೆನ್ನಾಗೇ ಇದ್ದವು. ಲಿವ್‌ಗೆ ಮೂರು ವರ್ಷ ಆಗ್ತಾ ಬಂದರೂ ಮಾತು ಬರಲಿಲ್ಲ. ತಡವಾಗಿ ಮಾತಾಡೋ ಮಕ್ಕಳೂ ಇರ್ತಾವಲ್ಲ, ಎಲ್ಲರೂ ಹಾಗೇ ಸಮಾಧಾನ ಹೇಳಿರಬೇಕು. ದಾಗ್ ಸ್ಥಿತಿ ಇನ್ನೂ ಕಷ್ಟ. ನಾಲ್ಕು ವರ್ಷವಾದರೂ ನಡೆಯಲ್ಲ, ಮಾತಿಲ್ಲ, ತಾನಾಗಿ ಊಟ ಮಾಡೋಕೆ ಬರಲ್ಲ, ಒಂದು ವಸ್ತುವಿನ ಮೇಲೆ ಕಣ್ಣು ನಿಲ್ಲಿಸಿ ನೋಡೋಕೂ ಆಗ್ತಿರಲಿಲ್ಲ. ತಾಯಿ ಎಷ್ಟು ಡಾಕ್ಟರುಗಳ ಬಾಗಿಲು ತಟ್ಟಿದಳು ಅಂತ ಲೆಕ್ಕ ಇಲ್ಲ. ಎಲ್ಲರ ಉತ್ತರ ಒಂದೇ: ಮಿದುಳಿನ ಬೆಳವಣಿಗೆ ಸರಿ ಇಲ್ಲ, ಏನೂ ಮಾಡೋಕಾಗಲ್ಲ.

ಅವಳ ಜೊತೆ ಇನ್ನೊಂದು ಪ್ರಶ್ನೆಯೂ ಇತ್ತು. ಮಕ್ಕಳ ಮೈಯಿಂದ, ಅವರ ಮೂತ್ರದಿಂದ ಮುಗ್ಗಲು ವಾಸನೆ ಬರ್ತಿತ್ತು. ಎಷ್ಟು ಸ್ನಾನ ಮಾಡಿಸಿದರೂ ಹೋಗ್ತಿರಲಿಲ್ಲ. ಮಕ್ಕಳ ಬುದ್ಧಿಗೂ ಈ ವಾಸನೆಗೂ ಏನಾದರೂ ಸಂಬಂಧ ಇದೆಯಾ? ಕೇಳಿದವರು ಯಾರೂ ಇದನ್ನ ಪ್ರಶ್ನೆ ಅಂತಲೇ ತಗೊಳ್ಳಲಿಲ್ಲ. ಅವರನ್ನ ಪೂರ್ತಿ ದೂಷಿಸೋಕೆ ನನಗೆ ಮನಸ್ಸಿಲ್ಲ. ಮಿದುಳು ತಲೆಯಲ್ಲಿದೆ, ಮೂತ್ರ ಎಲ್ಲೋ ಕೆಳಗೆ. ಎರಡಕ್ಕೂ ನಂಟು ಹಾಕೋದು ಆ ಕಾಲಕ್ಕೆ ತಾಯಿಯ ಭ್ರಮೆ ಅಂತ ಕಂಡಿರುತ್ತೆ.

1934ರಲ್ಲಿ ಪರಿಚಯದವರ ಮೂಲಕ ಅವಳು ಆಸ್ಬ್ಯೋರ್ನ್ ಫೊಲಿಂಗ್ ಹತ್ತಿರ ಬಂದಳು. ಫೊಲಿಂಗ್ ಡಾಕ್ಟರೂ ಹೌದು, ಕೆಮಿಸ್ಟೂ ಹೌದು. ಈ ಕಥೆಯ ಅರ್ಧ ಭಾಗ ಆ 'ಎರಡೂ' ಅನ್ನೋ ಪದದಲ್ಲೇ ಇದೆ ಅಂತ ನನಗನ್ನಿಸುತ್ತೆ. ಅವರೂ ಮಕ್ಕಳನ್ನ ಪರೀಕ್ಷೆ ಮಾಡಿದರು, ವಿಶೇಷ ಏನೂ ಕಾಣಲಿಲ್ಲ. ಆಮೇಲೆ ಮೂತ್ರ ತರಿಸಿದರು. ಮಾಮೂಲಿ ಪರೀಕ್ಷೆಗಳ ಜೊತೆಗೆ ಫೆರಿಕ್ ಕ್ಲೋರೈಡ್ ದ್ರಾವಣವನ್ನೂ ಕೆಲವು ಹನಿ ಹಾಕಿದರು. ಸಕ್ಕರೆ ಕಾಯಿಲೆ ಜೋರಾದವರ ಮೂತ್ರದಲ್ಲಿ ಕೀಟೋನ್ ಇದೆಯಾ ಅಂತ ನೋಡೋ ಹಳೇ ವಿಧಾನ ಅದು. ಕೀಟೋನ್ ಇದ್ದರೆ ಕೆಂಪು ಮಿಶ್ರಿತ ಕಂದು ಬಣ್ಣ ಬರಬೇಕು. ಇಲ್ಲಿ ಕಡು ಹಸಿರು ಬಂತು. ಅಕ್ಕನ ಮೂತ್ರದಲ್ಲೂ ಹಸಿರು, ತಮ್ಮನ ಮೂತ್ರದಲ್ಲೂ ಹಸಿರು.

ಅಂಥ ಹಸಿರನ್ನ ಅವರು ಅದುವರೆಗೆ ನೋಡಿರಲಿಲ್ಲ. ಯಾವುದಾದರೂ ಔಷಧಿಯ ಪರಿಣಾಮ ಇರಬಹುದು ಅಂತ ಮಕ್ಕಳಿಗೆ ಕೊಡ್ತಿದ್ದ ಔಷಧಿಗಳನ್ನೆಲ್ಲ ಒಂದು ವಾರ ನಿಲ್ಲಿಸಿ ಮತ್ತೆ ತರೋಕೆ ಹೇಳಿದರು. ಮತ್ತೆ ಹಸಿರು. ಅಲ್ಲಿಂದ ಅವರಿಗೆ ಹಠ ಹಿಡೀತು. ತಾಯಿ ಪಾತ್ರೆಗಟ್ಟಲೆ ಮೂತ್ರ ಹೊತ್ತು ತರ್ತಿದ್ದಳು, ಒಟ್ಟು ಇಪ್ಪತ್ತು ಲೀಟರಿಗೂ ಹೆಚ್ಚು. ಫೊಲಿಂಗ್ ಅದನ್ನ ಸೋಸಿ, ಬೇರ್ಪಡಿಸಿ, ಹರಳು ಕಟ್ಟಿಸಿ, ವಾರಗಟ್ಟಲೆ ಕೂತರು. ಇವತ್ತಿನ ಮೆಷೀನು ನಿಮಿಷಗಳಲ್ಲಿ ಮಾಡೋ ಕೆಲಸ. ಕೊನೆಗೆ ಸಿಕ್ಕಿದ್ದು ಫಿನೈಲ್‌ಪೈರೂವಿಕ್ ಆಮ್ಲ. ಆರೋಗ್ಯವಂತರ ಮೂತ್ರದಲ್ಲಿ ಅದು ಹೀಗೆ ಸಿಗಲ್ಲ.

ಹಾಗಾದರೆ ಆ ಮಕ್ಕಳ ಮೈಯಲ್ಲಿ ಏನಾಗ್ತಿತ್ತು? ನಾವು ತಿನ್ನೋ ಬೇಳೆ, ಹಾಲು, ಮೊಟ್ಟೆ, ಮಾಂಸ ಎಲ್ಲದರ ಪ್ರೋಟೀನಿನಲ್ಲೂ ಫಿನೈಲ್‌ಅಲನೀನ್ ಅನ್ನೋ ಅಮೈನೋ ಆಮ್ಲ ಇರುತ್ತೆ. ಅಕ್ಕಿ, ರಾಗಿಯಲ್ಲೂ ಇದೆ. ದೇಹಕ್ಕೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನ ಲಿವರ್‌ನಲ್ಲಿರೋ ಒಂದು ಕಿಣ್ವ ಬೇರೆ ವಸ್ತುವಾಗಿ ಬದಲಾಯಿಸುತ್ತೆ. ಈ ಮಕ್ಕಳಲ್ಲಿ ಆ ಕಿಣ್ವ ಕೆಲಸ ಮಾಡಲ್ಲ. ಮನೆಯ ಮೋರಿ ಕಟ್ಟಿಕೊಂಡ ಹಾಗೆ ಅಂದುಕೊಳ್ಳಿ. ನೀರು ನಿಂತು, ನಿಂತು, ಕೊನೆಗೆ ನಡುಮನೆಗೆ ನುಗ್ಗುತ್ತೆ. ಇಲ್ಲಿ ನಡುಮನೆ ಅಂದರೆ ಬೆಳೆಯುತ್ತಿರೋ ಮಿದುಳು. ತಪ್ಪು ಲಿವರ್‌ನದ್ದು, ಪೆಟ್ಟು ಮಿದುಳಿಗೆ. ಹೊರಗಿನಿಂದ ನೋಡೋ ಡಾಕ್ಟರಿಗೆ ಕಾಣೋದು ಪೆಟ್ಟು ಮಾತ್ರ. ಹಾಗಾಗಿ ನರರೋಗ ಅಂತ ಬರೆದುಬಿಡ್ತಾರೆ.

ಫೊಲಿಂಗ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬುದ್ಧಿಮಾಂದ್ಯರು ಅಂತ ಸಂಸ್ಥೆಗಳಲ್ಲಿ ಇಟ್ಟಿದ್ದ 430 ಜನರ ಮೂತ್ರ ಪರೀಕ್ಷೆ ಮಾಡಿದರು. ಎಂಟು ಜನರಲ್ಲಿ ಅದೇ ಹಸಿರು. ಅದೇ ವರ್ಷ, 1934ರಲ್ಲೇ, ಲೇಖನ ಪ್ರಕಟವಾಯ್ತು. 'ಕಾರಣ ಗೊತ್ತಿಲ್ಲ' ಅನ್ನೋ ದೊಡ್ಡ ಚೀಲದಿಂದ ಹತ್ತು ಜನ ಹೊರಗೆ ಬಂದರು, ಅವರ ಕಾಯಿಲೆಗೆ ಒಂದು ಕಾರಣ ಸಿಕ್ಕಿತು. ಫಿನೈಲ್‌ಕೀಟೋನೂರಿಯಾ ಅನ್ನೋ ಹೆಸರು ಆಮೇಲೆ ಬಂತು. ಚಿಕ್ಕದಾಗಿ ಪಿಕೆಯು ಅಂತಾರೆ.

ಲಿವ್‌ಗಾಗಲಿ ದಾಗ್‌ಗಾಗಲಿ ಇದರಿಂದ ಏನೂ ಪ್ರಯೋಜನ ಆಗಲಿಲ್ಲ. ಕಾರಣ ಗೊತ್ತಾಯ್ತು, ಚಿಕಿತ್ಸೆ ಇರಲಿಲ್ಲ. ಆದರೂ ಅವರಮ್ಮ ಕೇಳಿದ ಪ್ರಶ್ನೆಗೆ 'ಹೌದು, ಸಂಬಂಧ ಇದೆ' ಅಂತ ಉತ್ತರ ಸಿಕ್ಕಿತು.

ಇಲ್ಲಿಂದ ಹದಿನೇಳು ವರ್ಷ ಮುಂದಕ್ಕೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗೋಣ. 1951. ಮಕ್ಕಳ ಆಸ್ಪತ್ರೆಯಲ್ಲಿ ಹಾರ್ಸ್ಟ್ ಬಿಕೆಲ್ ಅನ್ನೋ ಜರ್ಮನ್ ಡಾಕ್ಟರು. ಅವರ ಮುಂದೆ ಶೀಲಾ ಅನ್ನೋ ಹದಿನೇಳು ತಿಂಗಳ ಮಗು. ಹೌದು, ನಮ್ಮ ಶೀಲಾ ಥರಾನೇ ಹೆಸರು, ಶೀಲಾ ಜೋನ್ಸ್. ಮಗು ನಿಲ್ಲಲ್ಲ, ಕೂರಲ್ಲ, ಸುತ್ತಮುತ್ತಲಿನ ಪರಿವೆ ಇಲ್ಲ, ದಿನವಿಡೀ ಅಳು, ತಲೆ ಚಚ್ಚಿಕೊಳ್ಳೋದು. ಬಿಕೆಲ್ ಪರೀಕ್ಷೆ ಮಾಡಿ ಪಿಕೆಯು ಅಂತ ಕಂಡುಹಿಡಿದರು. ಹೊಸ ವಿಧಾನದಲ್ಲಿ ಕಾಗದದ ಮೇಲೆ ಬಣ್ಣದ ಚುಕ್ಕೆಗಳಾಗಿ ಬಂದ ಫಲಿತಾಂಶವನ್ನ ಹೆಮ್ಮೆಯಿಂದ ತಾಯಿಗೆ ತೋರಿಸಿದರಂತೆ. ಆ ತಾಯಿ ಮೇರಿಗೆ ಚುಕ್ಕೆ ಕಟ್ಟಿಕೊಂಡು ಏನಾಗಬೇಕು? ಕಾಯಿಲೆ ಗೊತ್ತಾಯ್ತಲ್ಲ, ಈಗ ಗುಣ ಮಾಡಿ ಅಂದಳು. ಚಿಕಿತ್ಸೆ ಇಲ್ಲ ಅಂದರು. ಮಾರನೇ ದಿನ ಬೆಳಿಗ್ಗೆ ಲ್ಯಾಬ್ ಬಾಗಿಲಲ್ಲಿ ಮತ್ತೆ ಬಂದು ನಿಂತಳು. ಅದರ ಮಾರನೇ ದಿನವೂ. ಬಿಕೆಲ್ ಎಷ್ಟೋ ವರ್ಷಗಳಾದ ಮೇಲೂ ಇದನ್ನ ನೆನೆಸಿಕೊಳ್ಳುತ್ತಿದ್ದರು. ಆ ಹೆಂಗಸು ಬಿಡಲಿಲ್ಲ, ಹಾಗಾಗಿ ನಾವು ಪ್ರಯತ್ನ ಮಾಡಲೇಬೇಕಾಯ್ತು ಅನ್ನೋ ಅರ್ಥದಲ್ಲಿ.

ಉಪಾಯ ಕೇಳೋಕೆ ಸುಲಭ. ವಿಷವಾಗ್ತಿರೋದು ಫಿನೈಲ್‌ಅಲನೀನ್ ಅಲ್ವಾ, ಅದನ್ನೇ ಊಟದಿಂದ ತೆಗೆದುಬಿಡಿ. ಆದರೆ ಪ್ರೋಟೀನ್ ಇರೋ ಆಹಾರದಲ್ಲೆಲ್ಲ ಅದು ಇದ್ದೇ ಇದೆ, ಪ್ರೋಟೀನ್ ಇಲ್ಲದೆ ಮಗು ಬೆಳೆಯಲ್ಲ. ಲಂಡನ್ನಿನ ಲೂಯಿಸ್ ವುಲ್ಫ್ ಒಂದು ದಾರಿ ಸೂಚಿಸಿದ್ದರು. ಹಾಲಿನ ಪ್ರೋಟೀನನ್ನ ಮೊದಲು ಅಮೈನೋ ಆಮ್ಲಗಳಾಗಿ ಒಡೆದು, ಇದ್ದಿಲಿನ ಮೂಲಕ ಸೋಸಬೇಕು. ಇದ್ದಿಲು ಫಿನೈಲ್‌ಅಲನೀನನ್ನ ಹಿಡಿದುಕೊಳ್ಳುತ್ತೆ. ಅದರ ಜೊತೆ ಹೋಗಿಬಿಡೋ ಬೇಕಾದ ಪದಾರ್ಥಗಳನ್ನ ಮತ್ತೆ ಸೇರಿಸಬೇಕು. ಬಿಕೆಲ್, ಜಾನ್ ಜೆರಾರ್ಡ್, ಎವೆಲಿನ್ ಹಿಕ್‌ಮನ್ಸ್ ಮೂವರೂ ಆಸ್ಪತ್ರೆಯ ಲ್ಯಾಬಿನ ಚಳಿ ಕೋಣೆಯಲ್ಲಿ ಇದನ್ನ ಕೈಯಾರೆ ತಯಾರಿಸಿದರು. ರುಚಿ ಕೇಳಬೇಡಿ.

ಶೀಲಾ ಬದಲಾದಳು. ಕೆಲವು ತಿಂಗಳಲ್ಲಿ ಅಂಬೆಗಾಲಿಟ್ಟಳು, ಹಿಡಿದುಕೊಂಡು ನಿಂತಳು. ಕಣ್ಣಲ್ಲಿ ಹೊಳಪು ಬಂತು, ತಲೆ ಚಚ್ಚಿಕೊಳ್ಳೋದು ನಿಂತಿತು. ಕೂದಲ ಬಣ್ಣವೂ ಗಾಢವಾಯ್ತು. ಕೂದಲಿಗೆ ಬಣ್ಣ ಕೊಡೋ ವಸ್ತು ತಯಾರಾಗೋದೂ ಅದೇ ದಾರಿಯಲ್ಲಿ, ಅದಕ್ಕೇ.

ಇನ್ನು ಮುಂದಿನದನ್ನ ಹೇಳೋಕೆ ನನಗೆ ಸ್ವಲ್ಪ ಕಷ್ಟ. ಇದು ಆಹಾರದಿಂದಲೇ ಆದ ಬದಲಾವಣೆಯಾ, ಇಲ್ಲಾ ಮಗು ತಾನಾಗೇ ಚೇತರಿಸಿಕೊಂಡಿತಾ? ಖಾತ್ರಿ ಮಾಡಿಕೊಳ್ಳೋಕೆ ಡಾಕ್ಟರುಗಳು ಆ ಪುಡಿಗೆ ಫಿನೈಲ್‌ಅಲನೀನ್ ವಾಪಸ್ ಬೆರೆಸಿದರು. ತಾಯಿಗೆ ಹೇಳದೆ. ಮಗು ಬೇಗನೆ ಮತ್ತೆ ಹಳೇ ಸ್ಥಿತಿಗೆ ಜಾರಿತು, ಗಾಬರಿಯಾದ ತಾಯಿ ಓಡಿ ಬಂದಳು. ಆಮೇಲೆ ಅವಳಿಗೆ ವಿಷಯ ತಿಳಿಸಿ, ಒಪ್ಪಿಗೆ ತಗೊಂಡು, ಆಸ್ಪತ್ರೆಯಲ್ಲೇ ಇನ್ನೊಂದು ಸಲ ಅದನ್ನೇ ಮಾಡಿದರು, ಫಿಲ್ಮ್ ಕೂಡ ತೆಗೆದರು. ಆ ಪುರಾವೆ ಇಲ್ಲದಿದ್ದರೆ ವೈದ್ಯ ಲೋಕ ನಂಬುತ್ತಿರಲಿಲ್ಲ ಅನ್ನೋ ವಾದ ಇದೆ. ಇರಬಹುದು. ಆದರೂ ತಿಂಗಳುಗಟ್ಟಲೆ ಬಾಗಿಲಲ್ಲಿ ನಿಂತು ಈ ಚಿಕಿತ್ಸೆಯನ್ನ ಹುಟ್ಟಿಸಿದವಳನ್ನೇ ಕೇಳದೆ ಅವಳ ಮಗುವಿನ ಬಟ್ಟಲಿಗೆ ಅದನ್ನ ಹಾಕಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಲ್ಲ.

ಶೀಲಾಳ ಕಥೆ ಸುಖಾಂತ್ಯ ಅಲ್ಲ. ಚಿಕಿತ್ಸೆ ಶುರುವಾಗೋ ಹೊತ್ತಿಗೇ ಮಿದುಳಿಗೆ ಪೆಟ್ಟು ಬಿದ್ದಾಗಿತ್ತು. ಮನೆಯ ಕಷ್ಟಗಳಲ್ಲಿ ಆ ಆಹಾರ ಕ್ರಮವೂ ಮುಂದುವರಿಯಲಿಲ್ಲ. ಅವಳು ಸಂಸ್ಥೆಯೊಂದರಲ್ಲೇ ಬದುಕು ಕಳೆದಳು. ಬೇರೆಲ್ಲ ಪಿಕೆಯು ಮಕ್ಕಳಿಗೆ ದಾರಿಯಾಗಿದ್ದು ಮಾತ್ರ ಅವಳೇ.

ಪೆಟ್ಟು ಬೀಳೋ ಮುಂಚೆ, ಅಂದರೆ ಹುಟ್ಟಿದ ಕೆಲವೇ ದಿನದಲ್ಲಿ ಕಂಡುಹಿಡಿಯೋದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಅಮೆರಿಕದ ಬಫೆಲೋ ನಗರದ ರಾಬರ್ಟ್ ಗುತ್ರಿ. ಅವರ ಮಗನಿಗೂ ಬುದ್ಧಿ ಬೆಳವಣಿಗೆಯ ತೊಂದರೆ ಇತ್ತು. ಹೆಂಡತಿಯ ಕಡೆಯ ಒಂದು ಮಗುವಿಗೆ ಪಿಕೆಯು ಅಂತ 1958ರಲ್ಲಿ ಗೊತ್ತಾಯ್ತು, ಅಷ್ಟೊತ್ತಿಗೆ ತಡವಾಗಿತ್ತು. ಗುತ್ರಿ ಮಾಡಿದ್ದು ಇಷ್ಟು: ಮಗುವಿನ ಹಿಮ್ಮಡಿಗೆ ಚುಚ್ಚಿ ಒಂದು ಹನಿ ರಕ್ತವನ್ನ ಸೋಸುಕಾಗದಕ್ಕೆ ಹೀರಿಸಿ ಒಣಗಿಸಬೇಕು. ಆ ಕಾಗದದ ಚೂರನ್ನ ಬ್ಯಾಕ್ಟೀರಿಯಾ ಇರೋ ತಟ್ಟೆಯ ಮೇಲೆ ಇಡಬೇಕು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋ ರಾಸಾಯನಿಕ ಇರುತ್ತೆ. ರಕ್ತದಲ್ಲಿ ಫಿನೈಲ್‌ಅಲನೀನ್ ಜಾಸ್ತಿ ಇದ್ದರೆ ಮಾತ್ರ ಆ ತಡೆ ಮುರಿದು, ಚೂರಿನ ಸುತ್ತ ಬ್ಯಾಕ್ಟೀರಿಯಾ ಉಂಗುರದ ಹಾಗೆ ಬೆಳೆಯುತ್ತೆ. ದುಬಾರಿ ಯಂತ್ರ ಏನೂ ಬೇಡ. ಒಣಗಿದ ಕಾಗದವನ್ನ ಲಕೋಟೆಗೆ ಹಾಕಿ ಅಂಚೆಯಲ್ಲೇ ಕಳಿಸಬಹುದು. 29 ರಾಜ್ಯಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಶಿಶುಗಳ ಮೇಲೆ ಪ್ರಯೋಗ ನಡೆದು 39 ಮಕ್ಕಳು ಸಿಕ್ಕಿದರು. ಮಸಾಚುಸೆಟ್ಸ್ ರಾಜ್ಯ 1963ರಲ್ಲಿ ಇದನ್ನ ಕಡ್ಡಾಯ ಮಾಡಿತು. ಮೊದಲ ವಾರಗಳಲ್ಲೇ ಆಹಾರ ಬದಲಾಯಿಸಿಕೊಂಡ ಮಕ್ಕಳು ಎಲ್ಲರ ಹಾಗೆ ಶಾಲೆಗೆ ಹೋಗಿ, ಓದಿ, ಕೆಲಸಕ್ಕೆ ಸೇರಿ, ಮದುವೆಯಾದರು. ಅವರಿಗೋಸ್ಕರವೇ ಕೋಲಾ ಕ್ಯಾನಿನ ಆ ಸಣ್ಣಕ್ಷರ. ಆಸ್ಪರ್ಟೇಮ್ ಹೊಟ್ಟೆಯಲ್ಲಿ ಒಡೆದಾಗ ಫಿನೈಲ್‌ಅಲನೀನ್ ಬರುತ್ತೆ.

ಪಿಕೆಯು ಈ ಗುಂಪಿನಲ್ಲಿ ಒಂದು ಅಷ್ಟೇ, ಇಂಥವು ನೂರಾರು ಇವೆ. ಬಯೋಟಿನಿಡೇಸ್ ಅನ್ನೋ ಕಿಣ್ವದ ಕೊರತೆ ಇದ್ದರೆ ಮಗುವಿಗೆ ಫಿಟ್ಸ್ ಬರುತ್ತೆ, ಕೂದಲು ಉದುರುತ್ತೆ, ಚರ್ಮದಲ್ಲಿ ಗುಳ್ಳೆ ಏಳುತ್ತೆ. ಫಿಟ್ಸ್ ಔಷಧಿಗೆ ಸರಿಯಾಗಿ ಬಗ್ಗಲ್ಲ. ಬೇಕಾಗಿರೋದು ಬಯೋಟಿನ್ ಅನ್ನೋ ವಿಟಮಿನ್, ದಿನಾ, ಜೀವನಪೂರ್ತಿ. ನಮ್ಮ ಕಡೆ ಕೂದಲು ಬೆಳೆಯಲಿ ಅಂತ ರೀಲ್ಸ್ ನೋಡಿ ತಗೊಳ್ತೀವಲ್ಲ, ಅದೇ. ಇನ್ನೊಂದು, ಗ್ಲುಟಾರಿಕ್ ಆಸಿಡೂರಿಯಾ ಟೈಪ್ 1. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲ್ಯಾಂಕಾಸ್ಟರ್ ಕೌಂಟಿ. ಅಲ್ಲಿ ಆಮಿಶ್ ಅನ್ನೋ ಪಂಗಡದವರು ಕಾರು ಬಿಟ್ಟು ಕುದುರೆ ಗಾಡಿಯಲ್ಲೇ ಓಡಾಡ್ತಾರೆ, ತಮ್ಮೊಳಗೇ ಮದುವೆಯಾಗ್ತಾರೆ. ಅವರಲ್ಲಿ ಅನೇಕ ಮನೆಗಳಲ್ಲಿ ಒಂದೇ ಥರದ ಮಕ್ಕಳಿದ್ದರು. ವರ್ಷದವರೆಗೆ ಆಡಿಕೊಂಡಿದ್ದ ಮಗುವಿಗೆ ಜ್ವರವೋ ವಾಂತಿ ಭೇದಿಯೋ ಬರುತ್ತೆ, ಒಂದೆರಡು ದಿನದಲ್ಲಿ ಕೈಕಾಲು ಸೆಟೆದುಕೊಂಡು ಮಗು ಮತ್ತೆ ಎಂದೂ ನೆಟ್ಟಗೆ ಕೂರಲ್ಲ. ಡಾಕ್ಟರ ಚೀಟಿಯಲ್ಲಿ ಸೆರೆಬ್ರಲ್ ಪಾಲ್ಸಿ. 1988ರಲ್ಲಿ ಅಂಥ ಒಬ್ಬ ಹುಡುಗನ ಮೂತ್ರದ ಸ್ಯಾಂಪಲ್ ಫಿಲಡೆಲ್ಫಿಯಾದ ಆಸ್ಪತ್ರೆಯಲ್ಲಿದ್ದ ಹೋಮ್ಸ್ ಮಾರ್ಟನ್ ಕೈಗೆ ಬಂತು. ಅದರಲ್ಲಿ ಗ್ಲುಟಾರಿಕ್ ಆಮ್ಲ ತುಂಬಿತ್ತು. 1975ರಲ್ಲಷ್ಟೇ ವಿವರಣೆ ಸಿಕ್ಕಿದ್ದ, ತೀರಾ ಅಪರೂಪ ಅಂದುಕೊಂಡಿದ್ದ ಕಾಯಿಲೆ. ಮಾರ್ಟನ್ ಆ ಹುಡುಗನ ಮನೆಗೇ ಹೋದರು. ಅಕ್ಕಪಕ್ಕದ ತೋಟಗಳಲ್ಲೂ ಅಂಥ ಮಕ್ಕಳಿದ್ದಾರೆ ಅಂತ ಅಲ್ಲಿ ಗೊತ್ತಾಯ್ತು. ನಗರದ ದೊಡ್ಡ ಕೆಲಸ ಬಿಟ್ಟು 1989ರಲ್ಲಿ ಅಲ್ಲೇ ಕ್ಲಿನಿಕ್ ಶುರು ಮಾಡಿದರು. ಅದರ ಮರದ ಕಟ್ಟಡವನ್ನ ಊರಿನವರೇ ಸೇರಿ ಎಬ್ಬಿಸಿಕೊಟ್ಟರು.

ಈ ಕಾಯಿಲೆಗೆ ಅಲ್ಲಿ ಮಾಡೋದು ಏನು ಗೊತ್ತಾ? ಹುಟ್ಟಿದ ತಕ್ಷಣ ಪತ್ತೆ ಮಾಡ್ತಾರೆ, ಲೈಸಿನ್ ಅನ್ನೋ ಅಮೈನೋ ಆಮ್ಲ ಕಡಿಮೆ ಇರೋ ಆಹಾರ ಕೊಡ್ತಾರೆ. ಜ್ವರ ಬಂದರೆ ಕಾಯಲ್ಲ, ಅವತ್ತೇ ಗ್ಲೂಕೋಸ್ ಡ್ರಿಪ್ ಹಾಕ್ತಾರೆ. ಮಗು ಉಪವಾಸ ಬೀಳಬಾರದು, ಅದೇ ಮುಖ್ಯ. ಹೀಗೆ ನೋಡಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಓಡಾಡಿಕೊಂಡಿದ್ದಾರೆ. ಅವರಿಗಿಂತ ಮೊದಲು ಹುಟ್ಟಿದ ಅಣ್ಣಂದಿರು, ಅಕ್ಕಂದಿರು ಗಾಲಿಕುರ್ಚಿಯಲ್ಲಿ.

'ತಮ್ಮೊಳಗೇ ಮದುವೆ' ಅಂದಾಗ ನಿಮಗೆ ನಮ್ಮ ಮನೆಗಳು ನೆನಪಾಗಿರಬೇಕು. ನನಗಂತೂ ಆಯ್ತು. ನಮ್ಮಜ್ಜಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನ. ನಮ್ಮ ಮನೆಯಲ್ಲಿ ಅದೊಂದು ವಿಶೇಷ ಸುದ್ದಿಯೇ ಅಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಗೆ ಬಂದವರ ಲೆಕ್ಕ ತೆಗೆದಾಗ ಸುಮಾರು ಮೂರರಲ್ಲಿ ಒಂದು ದಂಪತಿ ರಕ್ತ ಸಂಬಂಧಿಗಳೇ ಆಗಿದ್ದರು.

ಲೆಕ್ಕ ಹೀಗೆ. ಈ ಕಾಯಿಲೆಗಳಲ್ಲಿ ಬಹುಪಾಲು ಬರೋದು ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿಗಳು ಒಂದೇ ಮಗುವಿಗೆ ಸಿಕ್ಕಾಗ. ಒಂದೇ ಪ್ರತಿ ಇದ್ದ ಅಪ್ಪ ಅಮ್ಮನಿಗೆ ಏನೂ ಆಗಿರಲ್ಲ, ಗೊತ್ತೂ ಇರಲ್ಲ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಗಂಡ ಹೆಂಡತಿ ಹತ್ತಿರದ ಸಂಬಂಧಿಗಳಾದಷ್ಟೂ ಇಬ್ಬರಲ್ಲೂ ಒಂದೇ ಪ್ರತಿ ಇರೋ ಸಂಭವ ಜಾಸ್ತಿ. ಸೋದರಮಾವ ಸೊಸೆಯ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರೋ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ ಮಗ, ಮಾವನ ಮಗಳಾದರೆ ಹದಿನಾರರಲ್ಲಿ ಒಂದು. ಹಾಗಂತ ಸಂಬಂಧದಲ್ಲಿ ಮದುವೆಯಾದವರ ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಇರ್ತಾರೆ, ನಮ್ಮಜ್ಜಿಯ ಐದು ಮಕ್ಕಳ ಹಾಗೆ. ಸಂಬಂಧವೇ ಇಲ್ಲದವರಿಗೂ ಇದು ಬರುತ್ತೆ. ನಾನು ಇಲ್ಲಿ ಒತ್ತಿ ಹೇಳಬೇಕಾಗಿರೋದು ಬೇರೆ: ಒಂದು ಪ್ರತಿ ಅಪ್ಪನದು. ನಮ್ಮ ಬೀದಿಯಲ್ಲಿ ಇಂಥ ಮಗು ಹೆತ್ತವಳೊಬ್ಬಳಿದ್ದಳು, ಅವಳಿಗೆ ಊರವರು ಆಡಿದ ಮಾತುಗಳಲ್ಲಿ ಗಂಡನ ಹೆಸರು ಒಂದು ಸಲವೂ ಬಂದಿದ್ದು ನನಗೆ ನೆನಪಿಲ್ಲ. ಆ ಮಗುವಿನ ರಕ್ತವನ್ನ ಯಾರೂ ಪರೀಕ್ಷೆ ಮಾಡಲಿಲ್ಲ. ಕಾಯಿಲೆ ಏನು ಅಂತ ಹಾಗಾಗಿ ಯಾರೂ ಹೇಳೋಕಾಗಲ್ಲ.

ಕರ್ನಾಟಕದಲ್ಲಿ ಪರೀಕ್ಷೆ ನಡೆದೇ ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲೇ ರಾಜ್ಯದ 1,12,269 ನವಜಾತ ಶಿಶುಗಳ ರಕ್ತದ ಹನಿ ತಗೊಂಡು ಅಮೈನೋ ಆಮ್ಲಗಳ ದೋಷ ಹುಡುಕಿದರು. ರಾಧಾ ರಮಾದೇವಿ, ಎಚ್.ಎಸ್. ಸಾವಿತ್ರಿ ಅವರೆಲ್ಲ ಆ ತಂಡದಲ್ಲಿದ್ದರು. ಲೇಖನ 1988ರಲ್ಲಿ ಬಂತು. ಭಾರತದಲ್ಲಿ ಈ ಪ್ರಮಾಣದ ಕೆಲಸಕ್ಕೆ ಮೊದಲು ಕೈ ಹಾಕಿದವರಲ್ಲಿ ಇವರೂ ಸೇರ್ತಾರೆ. ಮೊಬೈಲ್ ಫೋನಿಗಿಂತ ಮುಂಚೆ ನಮ್ಮೂರಿಗೆ ಬಂದಿದ್ದ ವಿಜ್ಞಾನ ಇದು.

ಆದರೂ ದೇಶದ ಪ್ರತಿ ಮಗುವಿಗೂ ಈ ಪರೀಕ್ಷೆ ಇವತ್ತಿಗೂ ಕಡ್ಡಾಯ ಆಗಿಲ್ಲ. ಈಗ ಗುತ್ರಿಯ ಬ್ಯಾಕ್ಟೀರಿಯಾ ತಟ್ಟೆಯೂ ಬೇಡ. ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಅನ್ನೋ ಯಂತ್ರ ಅದೇ ಒಣ ಹನಿಯಿಂದ ಒಂದೇ ಸಲಕ್ಕೆ ಹತ್ತಾರು ಕಾಯಿಲೆ ನೋಡುತ್ತೆ. ಖಾಸಗಿ ಆಸ್ಪತ್ರೆಗಳಲ್ಲಿ ದುಡ್ಡು ಕೊಟ್ಟು ಮಾಡಿಸೋರು ಮಾಡಿಸ್ತಾರೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪಿಕೆಯು, ಗ್ಲುಟಾರಿಕ್ ಆಸಿಡೂರಿಯಾ ಎರಡೂ ಇವೆ, ವಿಶೇಷ ಆಹಾರದಿಂದ ನಿಭಾಯಿಸಬಹುದಾದ ಕಾಯಿಲೆಗಳ ಪಟ್ಟಿಯಲ್ಲಿ. ಆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೋಡಿ ಒಂದು.

ನಿಮ್ಮ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಹೆರಿಗೆ ಹತ್ತಿರ ಇದ್ದರೆ, ಆಸ್ಪತ್ರೆಯಲ್ಲಿ ನವಜಾತ ಶಿಶು ತಪಾಸಣೆ, ಅದೇ ಹಿಮ್ಮಡಿಯ ರಕ್ತ ಪರೀಕ್ಷೆ, ಇದೆಯಾ ಅಂತ ಕೇಳಿ. ಸಾಮಾನ್ಯವಾಗಿ ಎರಡನೇ, ಮೂರನೇ ದಿನ ತಗೊಳ್ತಾರೆ, ಮಗು ಒಂದಷ್ಟು ಹಾಲು ಕುಡಿದ ಮೇಲೆ. ಹಾಲಿನ ಪ್ರೋಟೀನ್ ಒಳಗೆ ಹೋದ ಮೇಲೇ ಅಲ್ವಾ ಮೋರಿ ಕಟ್ಟಿದೆಯೋ ಇಲ್ಲವೋ ಗೊತ್ತಾಗೋದು. ಬೇಗ ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗೋ ಆತುರದಲ್ಲಿ ಇದು ಬಿಟ್ಟುಹೋಗಬಹುದು, ಅದಕ್ಕೇ ಹೇಳಿದೆ.